ಹಳೇ ಟರ್ಕಿ ಸಿನಿಮಾದ ಆ ಪಿಟೀಲು ಬಿಟ್ ಯಾರದು?

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಬಹಳ ವರ್ಷ ಚಿತ್ರಗೀತೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವಳು. ಮಗಳ ಬಾಣಂತನಕ್ಕೆ ಅಂತ ಇಸ್ತಾಂಬುಲ್‌ಗೆ ಹೋಗಿದ್ದೆ. ಕೆಳಗಿನ ಮನೆಯ ಅಜ್ಜಿ ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಹಳೇ ಟರ್ಕಿ ಸಿನಿಮಾ ಹಾಕಿಕೊಂಡು ಕೂರುತ್ತಿದ್ದರು. ನಾನು ಭಾರತದವಳು ಅಂತ ತಿಳಿದದ್ದೇ "ಅವಾರೆ, ರಾಜ್ ಕಪೂರ್" ಅಂತ ನಕ್ಕರು. ಆಮೇಲೆ ದಿನಾ ಅವರ ಜೊತೆ ಕೂತೆ. ಭಾಷೆ ಬರದಿದ್ದರೂ ಸಂಗೀತ ಮನಸ್ಸಿಗೆ ಹಿಡಿಯಿತು. ತುಂಬಾ ಪಿಟೀಲು, ನಡುವೆ ತಂತಿ ಮೀಟಿದ ಹಾಗೆ ಟಿಣ್ ಟಿಣ್ ಅನ್ನುವ ಒಂದು ಕೀಬೋರ್ಡ್, ಓಬೋ ಥರದ ಊದುವ ವಾದ್ಯ. ಒಂದು ಸಿನಿಮಾದಲ್ಲಿ ಪ್ರೇಮಿಗಳು ನೀರಿನ ದಂಡೆಯಲ್ಲಿ ನಡೆಯುವಾಗ ಬಂದ ಬಿಟ್ಟೇ ಇನ್ನೊಂದರಲ್ಲಿ ಆಸ್ಪತ್ರೆ ಸೀನಿಗೆ, ಮತ್ತೊಂದರಲ್ಲಿ ಪಾರ್ಟಿ ಸೀನಿಗೆ ಬಂತು. ಯಾರು ಮಾಡಿದ್ದು ಇದನ್ನು? ಹಾಡು ಗುರುತಿಸುವ ಆ್ಯಪ್‌ಗೆ ಸಿಗುತ್ತಿಲ್ಲ. ಕೀಬೋರ್ಡಿನಲ್ಲಿ ಹಿಡಿಯೋಕೆ ಹೋದರೆ ಎರಡು ಕೀ ನಡುವೆ ಎಲ್ಲೋ ಬೀಳುತ್ತದೆ. ಮಗ "ಅದೆಲ್ಲಾ ಕದ್ದ ಮಾಲು" ಅನ್ನುತ್ತಾನೆ. ನನ್ನ ತಂಗಿಯ ಮಗ ಕಿರುಚಿತ್ರ ಮಾಡುತ್ತಿದ್ದಾನೆ, ಅದಕ್ಕೆ ಈ ಬಿಟ್ ಹಾಕಬೇಕು ಅಂತ ಆಸೆ. ಸ್ಟುಡಿಯೋದವರು "50 ವರ್ಷ ದಾಟಿದ್ದೆಲ್ಲಾ ಫ್ರೀ, 30 ಸೆಕೆಂಡಿಗಿಂತ ಕಡಿಮೆ ಹಾಕಿದರೆ ಯಾರೂ ಕೇಳಲ್ಲ" ಅಂದಿದ್ದಾರೆ. ಆನ್‌ಲೈನಿನಲ್ಲಿ ಒಬ್ಬರು ಆ ಸಿನಿಮಾದ "ಒರಿಜಿನಲ್ ಸೌಂಡ್‌ಟ್ರ್ಯಾಕ್ ಎಲ್‌ಪಿ" ಅಂತ ದುಬಾರಿ ಬೆಲೆ ಹೇಳುತ್ತಿದ್ದಾರೆ. ಕೊಳ್ಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ಆದರೆ ಒಳಗಿನ ಆತಂಕ ಒಂದೇ ಅನ್ನಿಸಿತು. ಇಷ್ಟೊಂದು ಮನಸ್ಸಿಗೆ ಹಿಡಿಸಿದ ಸಂಗೀತ ಯಾರದೋ ಕದ್ದದ್ದಾ, ನಾವು ಬಳಸಿದರೆ ನಾವೂ ಕಳ್ಳರಾಗುತ್ತೀವಾ ಅಂತ, ಅಲ್ವಾ? ಸಿನಿಮಾ ಸೌಂಡ್ ಮಿಕ್ಸಿಂಗ್, ಹಳೇ ಪ್ರಿಂಟುಗಳ ಧ್ವನಿ ಸರಿ ಮಾಡುವುದು, ಸಂಗೀತಕ್ಕೆ ಅನುಮತಿ ತರಿಸುವುದು, ಇದೇ ನನ್ನ ಹೊಟ್ಟೆಪಾಡು. ಹಾಗಾಗಿ ನೇರವಾಗಿ ಹೇಳುತ್ತೇನೆ.

ಮೂರು ಬೇರೆ ಬೇರೆ ಸಿನಿಮಾದಲ್ಲಿ ಅದೇ ಬಿಟ್, ಅದೇ ವಾದ್ಯ, ಅದೇ ನುಡಿಸಾಣಿಕೆ ಬಂದಿದ್ದರೆ, ಅದು ಆ ಸಿನಿಮಾಗಳಿಗಾಗಿ ಮಾಡಿದ ಸಂಗೀತ ಅಲ್ಲ ಅಂತಲೇ ಇಟ್ಟುಕೊಳ್ಳಿ. ಫ್ರಾನ್ಸಿನದೋ ಇಟಲಿಯದೋ ಜರ್ಮನಿಯದೋ ಒಂದು ಎಲ್‌ಪಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ಯಾರೋ ಅದನ್ನು ಗ್ರಾಮಾಫೋನಿನ ಮೇಲಿಟ್ಟು ಸೀನಿಗೆ ಕೂರಿಸಿದ್ದಾರೆ. ಟರ್ಕಿಯ ಆ ಕಾಲದ ಸಿನಿಮಾಕ್ಕೆ ಯೆಶಿಲ್‌ಚಾಮ್ ಅಂತ ಹೆಸರು. ನಿರ್ಮಾಪಕರ ಆಫೀಸುಗಳೆಲ್ಲಾ ಇದ್ದ ಇಸ್ತಾಂಬುಲ್‌ನ ಬೇಯೋಲು ಪ್ರದೇಶದ ಒಂದು ಬೀದಿಯಿಂದ ಬಂದದ್ದು. ಅಲ್ಲಿ ಇದು ಮಾಮೂಲಿ ಪದ್ಧತಿಯಾಗಿತ್ತು.

ಯಾಕೆ ಹಾಗೆ ಮಾಡುತ್ತಿದ್ದರು? ಸೋಮಾರಿತನ ಅಂತ ತಿಳಿಯಬೇಡಿ. 1972ರಲ್ಲಿ ಆ ಒಂದು ವರ್ಷವೇ ಟರ್ಕಿಯಲ್ಲಿ ಸುಮಾರು 300 ಸಿನಿಮಾ ತಯಾರಾದವು. ದುಡ್ಡು ಬರುತ್ತಿದ್ದದ್ದು ಅದಾನ, ಇಜ್ಮಿರ್, ಸಾಮ್ಸುನ್ ಮುಂತಾದ ಕಡೆಯ ವಿತರಕರು ಮುಂಗಡವಾಗಿ ಕೊಡುತ್ತಿದ್ದ ಹುಂಡಿ ಪತ್ರಗಳಿಂದ. ಅವರಿಗೆ ಬೇಕಾಗಿದ್ದದ್ದು ಇಂಥ ನಟಿ, ಇಂಥ ಕಥೆ, ಹಬ್ಬಕ್ಕೆ ಮುಂಚೆ ಪ್ರಿಂಟು. ಕೆಲವೇ ವಾರದಲ್ಲಿ ಶೂಟಿಂಗ್ ಮುಗಿಸಬೇಕು. ಇದರಲ್ಲಿ ಎಲ್ಲಿಂದ ನಲವತ್ತು ಜನ ಪಿಟೀಲಿನವರನ್ನು ಕೂರಿಸುತ್ತೀರಿ? ನಮ್ಮ ಕನ್ನಡ ಸಿನಿಮಾದ ರೀರೆಕಾರ್ಡಿಂಗ್ ಆಗ ಮದರಾಸಿನ ಥಿಯೇಟರುಗಳಲ್ಲಿ ನಡೆಯುತ್ತಿತ್ತು. ಪರದೆ ಮೇಲೆ ರೀಲು ಓಡುತ್ತಿದ್ದರೆ ವಾದ್ಯದವರು ಎದುರಿಗೇ ಕೂತು ನುಡಿಸುತ್ತಿದ್ದರು. ಆ ಥರದ ದೊಡ್ಡ ವ್ಯವಸ್ಥೆ, ಅಷ್ಟು ವಾದ್ಯಗಾರರ ಬಳಗ ಯೆಶಿಲ್‌ಚಾಮ್‌ನ ಸಣ್ಣ ನಿರ್ಮಾಪಕನ ಕೈಗೆ ಎಟುಕುತ್ತಿರಲಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಆ ಸಿನಿಮಾಗಳನ್ನು ಮೂಕವಾಗಿಯೇ ಶೂಟ್ ಮಾಡುತ್ತಿದ್ದರು. ಸೆಟ್ಟಿನಲ್ಲಿ ಕಂಪನಿ ನಾಟಕದ ಹಾಗೆ ಒಬ್ಬ ಪ್ರಾಂಪ್ಟರ್ ಜೋರಾಗಿ ಮಾತು ಓದುತ್ತಿದ್ದ, ನಟರು ಕೇಳಿಸಿಕೊಂಡು ಹೇಳುತ್ತಿದ್ದರು. ಧ್ವನಿ ಎಲ್ಲಾ ಆಮೇಲೆ. ಅದೂ ಹೆಚ್ಚಾಗಿ ಬೇರೆಯವರದು. ಅದಾಲೆತ್ ಜಿಮ್‌ಜೋಜ್, ಜೆಯಾನ್ ಮಾಹ್ಫಿ ತೋಜುಮ್ ಅಂಥ ಕಂಠದಾನ ಕಲಾವಿದೆಯರು ಎಷ್ಟೋ ನಾಯಕಿಯರಿಗೆ ಮಾತಾಡಿದ್ದಾರೆ. ಹಾಡುಗಳನ್ನು ಹಿನ್ನೆಲೆಯಲ್ಲಿ ಹಾಡಿದವರಲ್ಲಿ ಬೆಲ್ಕಿಸ್ ಓಜೆನೆರ್ ದೊಡ್ಡ ಹೆಸರು. ಅಂದರೆ ನೀವು ಕೇಳಿದ ನಾಯಕಿಯ ಮುಖ ಒಬ್ಬರದು, ಮಾತು ಇನ್ನೊಬ್ಬರದು, ಹಾಡು ಮತ್ತೊಬ್ಬರದು. ಧ್ವನಿಯನ್ನೆಲ್ಲಾ ಹೀಗೆ ಹೊರಗಿನಿಂದ ತಂದು ಜೋಡಿಸುವ ಕಡೆ, ಸಂಗೀತವನ್ನೂ ಹೊರಗಿನಿಂದ ತರುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಈ ಅಭ್ಯಾಸಕ್ಕೆ ಹಿಂದಿನ ಬೇರೂ ಇದೆ. 1930ರ ದಶಕದ ಕೊನೆಯಿಂದ ಈಜಿಪ್ಟಿನ ಸಿನಿಮಾಗಳು ಟರ್ಕಿಯಲ್ಲಿ ಭರ್ಜರಿ ಓಡುತ್ತಿದ್ದವು. ಅರಬ್ಬಿ ಹಾಡುಗಳಿಗೆ ಸರ್ಕಾರದ ಅಡ್ಡಿ ಬಂದಾಗ ಸಾದೆತ್ತಿನ್ ಕಾಯ್ನಾಕ್ ಅಂಥ ಸಂಗೀತಗಾರರು ಅದೇ ದೃಶ್ಯಗಳಿಗೆ ಟರ್ಕಿಶ್ ಹಾಡು ಕಟ್ಟಿ ಕೂರಿಸಿದರು. ಚಿತ್ರ ಒಂದು ದೇಶದ್ದು, ದನಿ ಇನ್ನೊಂದು ದೇಶದ್ದು. ಪ್ರೇಕ್ಷಕರ ಕಿವಿ ಅಲ್ಲಿಂದಲೇ ಒಗ್ಗಿಹೋಗಿತ್ತು. ಆಮೇಲೆ 1950ರ ದಶಕದಲ್ಲಿ 'ಆವಾರಾ' ಸಿನಿಮಾದ ಜೊತೆ ರಾಜ್ ಕಪೂರ್ ಬಂದ. ನಿಮ್ಮ ಕೆಳಗಿನ ಮನೆಯ ಅಜ್ಜಿಯ ನಗುವಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಆ ಸಿನಿಮಾ ಅಲ್ಲಿ ಎಷ್ಟು ಹಿಡಿಯಿತೆಂದರೆ 1964ರಲ್ಲಿ ಅವರೇ ಅದನ್ನು ಟರ್ಕಿಶ್‌ನಲ್ಲಿ ಮತ್ತೆ ಮಾಡಿದರು.

ಈಗ ನಿಮ್ಮ ಮಗನ ಮಾತಿಗೆ ಬರೋಣ. "ಎಲ್ಲಾ ಕದ್ದದ್ದು" ಅನ್ನುವುದು ಅರ್ಧ ಸತ್ಯ. ಆಗ ಅಲ್ಲಿ ಕಾನೂನೇ ಇರಲಿಲ್ಲ ಅಂತ ಕೆಲವರು ಸಮರ್ಥನೆ ಕೊಡುತ್ತಾರೆ. ಅದು ತಪ್ಪು. 5846ನೇ ಸಂಖ್ಯೆಯ ಕೃತಿಸ್ವಾಮ್ಯ ಕಾನೂನು 1951ರಲ್ಲೇ ಬಂದಿತ್ತು. ಕಾನೂನು ಇತ್ತು, ಕೇಳುವವರಿರಲಿಲ್ಲ. ಪ್ಯಾರಿಸ್ಸಿನ ರೆಕಾರ್ಡ್ ಕಂಪನಿಗೆ ಸಾಮ್ಸುನ್ ಊರಿನ ಟೆಂಟಿನಲ್ಲಿ ಏನು ಓಡುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಈ ಧೈರ್ಯ ಎಲ್ಲಿಗೆ ಹೋಯಿತು ಅಂದರೆ, ಚೆತಿನ್ ಇನಾಂಚ್ ನಿರ್ದೇಶಿಸಿದ, ಜುನೆಯ್ತ್ ಆರ್ಕಿನ್ ನಟಿಸಿದ 1982ರ ಒಂದು ಬಾಹ್ಯಾಕಾಶ ಸಿನಿಮಾದಲ್ಲಿ ಹಾಲಿವುಡ್ಡಿನ ಸಂಗೀತದ ಜೊತೆ ಹಾಲಿವುಡ್ಡಿನ ದೃಶ್ಯಗಳೂ ನೇರವಾಗಿ ಬಂದಿವೆ.

ಆದರೆ ಇನ್ನರ್ಧ ನಿಮ್ಮ ಮಗನಿಗೆ ಗೊತ್ತಿಲ್ಲ. ಅಲ್ಲಿ ಸ್ವಂತ ಸಂಗೀತ ಮಾಡಿದವರೂ ಇದ್ದರು, ಚೆನ್ನಾಗಿಯೇ ಮಾಡಿದರು. 1975ರಲ್ಲಿ ಎರ್ತೆಮ್ ಎಯಿಲ್ಮೆಜ್ ನಿರ್ದೇಶಿಸಿದ 'ಹಬಾಬಾಮ್ ಸಿನಿಫಿ' ಅನ್ನುವ ತುಂಟ ವಿದ್ಯಾರ್ಥಿಗಳ ಸಿನಿಮಾಕ್ಕೆ ಮೆಲಿಹ್ ಕಿಬಾರ್ ಮಾಡಿದ ಸಂಗೀತ ಕೇಳಿ. ಒಂದೇ ರಾಗ. ವೇಗವಾಗಿ ನುಡಿಸಿದರೆ ಹುಡುಗರ ಚೇಷ್ಟೆ, ನಿಧಾನಕ್ಕೆ ನುಡಿಸಿದರೆ ಗಂಟಲು ಕಟ್ಟುತ್ತದೆ. ಇವತ್ತಿಗೂ ಟರ್ಕಿಯವರು ಮೊದಲ ನಾಲ್ಕು ಸ್ವರಕ್ಕೇ ಗುರುತು ಹಿಡಿಯುತ್ತಾರೆ. ಮೊಗೊಲ್ಲಾರ್ ಬ್ಯಾಂಡಿನ ಜಾಹಿತ್ ಬೆರ್ಕಾಯ್ 1977ರ 'ಸೆಲ್ವಿ ಬೊಯ್ಲುಮ್ ಅಲ್ ಯಾಜ್ಮಾಲಿಮ್' ಸಿನಿಮಾಕ್ಕೆ ಮಾಡಿದ್ದೂ ಅದೇ ಮಟ್ಟದ್ದು. ಮೆತಿನ್ ಬುಕೇಯ್ ಅವರದಂತೂ ಉಲ್ಟಾ ಕಥೆ. 1967ರ 'ಸಾಮಾನ್ಯೋಲು' ಸಿನಿಮಾದ ಅವರ ರಾಗ ಟರ್ಕಿಯಲ್ಲಿ ಮನೆಮಾತಾಯಿತು. 1969ರಲ್ಲಿ ಅದೇ ರಾಗ ಫ್ರೆಂಚ್ ಸಾಹಿತ್ಯ ಹೊತ್ತು ಯುರೋಪಿನಲ್ಲಿ ಹಿಟ್ ಆಯಿತು. ಹೋಗಿದ್ದೆಲ್ಲಾ ಒಂದೇ ದಿಕ್ಕಿಗಲ್ಲ.

ರೆಕಾರ್ಡ್ ಕೂರಿಸುತ್ತಿದ್ದವರ ಬಗ್ಗೆ ನನಗೆ ಗೌರವ ಇದೆ. ಇದನ್ನು ವೃತ್ತಿಯವನಾಗಿ ಹೇಳುತ್ತಿದ್ದೇನೆ. ಹಳ್ಳಿ, ಬಸ್ ನಿಲ್ದಾಣ, ಅಮ್ಮನ ಕಣ್ಣೀರು ಬಂದಾಗ ಬಾಲಾಮ ಅನ್ನುವ ತಂತಿವಾದ್ಯ. ಇಸ್ತಾಂಬುಲ್‌ನ ಬಾಸ್ಫರಸ್ ಜಲಸಂಧಿಯ ದಂಡೆಯ ಬಂಗಲೆ, ತೆರೆದ ಕಾರು, ಶ್ರೀಮಂತರ ಹುಡುಗಿ ಬಂದಾಗ ಫ್ರೆಂಚ್ ಪಿಟೀಲುಗಳು. ಬಡ ಹುಡುಗ ಆ ಬಂಗಲೆಯ ಗೇಟಿನೊಳಗೆ ಕಾಲಿಟ್ಟ ಅಂತ ಹೇಳೋಕೆ ಬೇರೆ ಸಂಭಾಷಣೆ ಬೇಕಾಗಿರಲಿಲ್ಲ, ಸಂಗೀತ ಬದಲಾದರೆ ಸಾಕಿತ್ತು. ನಿಮ್ಮ ಬಿಟ್ ಪಾರ್ಟಿಗೂ ಆಸ್ಪತ್ರೆಗೂ ಬಂದಿದೆ ನೋಡಿ. ಪಾರ್ಟಿಯಲ್ಲಿ ಅದು ಸುಮ್ನೆ ಪಾರ್ಟಿ ಸಂಗೀತ. ಆಸ್ಪತ್ರೆಯಲ್ಲಿ ಕಳೆದುಕೊಂಡ ಆ ದಿನಗಳ ನೆನಪು. ಕಿವಿ ಇಲ್ಲದವರು ಹೀಗೆ ಕೂರಿಸೋಕೆ ಆಗಲ್ಲ.

ಸರಿ, ಆ ಬಿಟ್ ಯಾವುದು? ತುಣುಕು ಕೇಳದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೆ ನೀವು ಹೇಳಿದ ಟಿಣ್ ಟಿಣ್ ವಾದ್ಯ ಹಾರ್ಪ್ಸಿಕಾರ್ಡ್. ಅದರ ಜೊತೆ ಓಬೋ, ಹಿಂದೆ ಪಿಟೀಲುಗಳ ರಾಶಿ ಅಂದ ಕೂಡಲೇ ನನಗೆ ಮೊದಲು ಹೊಳೆಯುವುದು ಪೌಲ್ ಮೊರಿಯಾ ಅವರ ಆರ್ಕೆಸ್ಟ್ರಾ. ಅವರ 'ಲವ್ ಈಸ್ ಬ್ಲೂ' 1968ರಲ್ಲಿ ಅಮೆರಿಕದಲ್ಲಿ 5 ವಾರ ಮೊದಲ ಸ್ಥಾನದಲ್ಲಿತ್ತು. ರಾಗ ಕಟ್ಟಿದ್ದು ಮೊರಿಯಾ ಅಲ್ಲ, ಆಂದ್ರೆ ಪೋಪ್. 1967ರ ಯೂರೋವಿಷನ್ ಸ್ಪರ್ಧೆಗೆ ಹಾಡಾಗಿ ಬಂದಾಗ ಸಿಕ್ಕಿದ್ದು ನಾಲ್ಕನೇ ಸ್ಥಾನ. ಇದೇ ಇರಬಹುದಾ ಅಂತ ಮೊದಲು ಕೇಳಿ ನೋಡಿ. ಅಲ್ಲದಿದ್ದರೆ ಫ್ರಾಂಕ್ ಪೂರ್ಸೆಲ್, ಕಾರಾವೆಲಿ, ರೇಮೊಂದ್ ಲೆಫೆವ್ರ್, ಜೇಮ್ಸ್ ಲಾಸ್ಟ್ ಇವರ ಕಡೆ ಹೋಗಿ. ತೊಂದರೆ ಏನೆಂದರೆ ಇವರೆಲ್ಲಾ ಒಬ್ಬರ ಹಿಟ್ ರಾಗವನ್ನು ಇನ್ನೊಬ್ಬರು ನುಡಿಸುತ್ತಿದ್ದರು. ರಾಗ ಸಿಕ್ಕಿದ ಮಾತ್ರಕ್ಕೆ ರೆಕಾರ್ಡ್ ಸಿಕ್ಕಿತು ಅಂತಲ್ಲ. ಮೊದಲ ಸಾಲನ್ನು ಯಾವ ವಾದ್ಯ ನುಡಿಸುತ್ತದೆ, ಎರಡನೇ ಸಲ ಬರುವಾಗ ಶ್ರುತಿ ಏರಿಸುತ್ತಾರಾ, ಡ್ರಮ್ಸ್ ಎಲ್ಲಿ ಸೇರುತ್ತದೆ, ಇಷ್ಟನ್ನು ಬರೆದಿಟ್ಟುಕೊಂಡು ಹೋಲಿಸಿ. ನಿಮ್ಮಂಥ ಆರ್ಕೆಸ್ಟ್ರಾದವರಿಗೆ ಇದು ನೀರು ಕುಡಿದಷ್ಟು ಸುಲಭ.

ಎರಡು ಕೀ ನಡುವೆ ಬೀಳುವ ರಾಗ

ಆ್ಯಪ್ ಯಾಕೆ ಸೋಲುತ್ತಿದೆ, ಕೀಬೋರ್ಡಿನಲ್ಲಿ ಯಾಕೆ ಕೂರುತ್ತಿಲ್ಲ ಅನ್ನುವುದಕ್ಕೆ ಒಂದೇ ಉತ್ತರ ಇರುವ ಸಾಧ್ಯತೆ ಜಾಸ್ತಿ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರ ಓಡುತ್ತದೆ. ಟರ್ಕಿಯ ಟಿವಿ, ನಮ್ಮ ದೂರದರ್ಶನದ ಹಾಗೇ, 25 ಚಿತ್ರದ ಲೆಕ್ಕದ್ದು. ಟಿವಿಗಾಗಿ ಕಾಪಿ ಮಾಡುವಾಗ ಸಿನಿಮಾವನ್ನು ಸುಮ್ನೆ 25ರ ವೇಗದಲ್ಲಿ ಓಡಿಸಿಬಿಡುತ್ತಿದ್ದರು. ವೇಗ ಸುಮಾರು 4% ಹೆಚ್ಚಾಯಿತು. 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯಿತು. ನೋಡುವವರಿಗೆ ಏನೂ ಗೊತ್ತಾಗಲ್ಲ. ಆದರೆ ಶ್ರುತಿ ಅರ್ಧ ಮನೆಗಿಂತ, ಅಂದರೆ ಅಕ್ಕಪಕ್ಕದ ಎರಡು ಕೀ ನಡುವಿನ ಅಂತರಕ್ಕಿಂತ, ಸ್ವಲ್ಪ ಕಡಿಮೆ ಏರಿತು. ಅದಕ್ಕೇ ಅದು ನಿಮ್ಮ ಬಿಳಿ ಕೀಗೂ ಕೂರಲ್ಲ, ಕಪ್ಪು ಕೀಗೂ ಕೂರಲ್ಲ. ನಿಮ್ಮ ಕಿವಿ ಸರಿಯಾಗೇ ಇದೆ.

ಮಾಡಬೇಕಾದ್ದು ಇಷ್ಟು. ಟೈಟಲ್ ಕಾರ್ಡ್ ಭಾಗ, ಅಥವಾ ಪ್ರೇಮಿಗಳು ಮಾತಿಲ್ಲದೆ ನಡೆಯುವ ಭಾಗ ತೆಗೆದುಕೊಳ್ಳಿ. ಯಾವುದಾದರೂ ಆಡಿಯೋ ಎಡಿಟರಿನಲ್ಲಿ ವೇಗವನ್ನು 96%ಗೆ ಇಳಿಸಿ. ಶ್ರುತಿಯೂ ಜೊತೆಗೇ ಇಳಿಯುವ ಆಯ್ಕೆ ಇಟ್ಟುಕೊಳ್ಳಿ. ಈಗ ಕೀಬೋರ್ಡಿನಲ್ಲಿ ಕೂರಬೇಕು, ಆ್ಯಪ್‌ಗೂ ಕೊಟ್ಟು ನೋಡಿ. ಮಾತು ಬಂದ ಕಡೆಯ ತುಣುಕು ಕೊಡಬೇಡಿ, ಪ್ರಯೋಜನ ಇಲ್ಲ.

ಇನ್ನೊಂದು ಸುಳಿವು ಹೇಳಿಕೊಡುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಉದ್ದಕ್ಕೆ ಹಿಡಿದ ಒಂದು ಸ್ವರವನ್ನು ಹೆಡ್‌ಫೋನ್ ಹಾಕಿ ಕೇಳಿ. ಸಣ್ಣಗೆ ತೂಗಾಡುತ್ತದಾ? ಪ್ಲೇಟಿನ ನಡುವಿನ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಪ್ರತಿ ಸುತ್ತಿಗೆ ಒಂದು ಸಲ ಸ್ವರ ಏರಿ ಇಳಿಯುತ್ತದೆ. ಎಲ್‌ಪಿ ನಿಮಿಷಕ್ಕೆ 33 ಸುತ್ತಿನ ಮೇಲೆ ಮೂರರಲ್ಲೊಂದು ಭಾಗ ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. 45 ಆರ್‌ಪಿಎಂನ ಸಣ್ಣ ಪ್ಲೇಟಾದರೆ ಒಂದು ಸುತ್ತಿಗೆ ಸುಮಾರು 1.3 ಸೆಕೆಂಡ್. ವೇಗ ಸರಿಮಾಡಿದ ಮೇಲೆ ತೂಗಾಟವನ್ನು ಎಣಿಸಿ ನೋಡಿದರೆ ಐವತ್ತು ವರ್ಷದ ಹಿಂದೆ ಆ ಗ್ರಾಮಾಫೋನಿನ ಮೇಲೆ ಇದ್ದದ್ದು ಎಲ್‌ಪಿಯಾ, ಸಿಂಗಲ್ಲಾ ಅಂತ ಗೊತ್ತಾಗುತ್ತದೆ. ಹುಡುಕಾಟದ ಪಟ್ಟಿ ಅಲ್ಲೇ ಅರ್ಧಕ್ಕೆ ಇಳಿಯಿತು. ಇಂಥ ತೂಗಾಟ ಸಿಕ್ಕರೆ, ಸಂಗೀತ ಪ್ಲೇಟಿನಿಂದ ಬಂದದ್ದು ಅನ್ನುವುದಕ್ಕೂ ಅದೇ ಗಟ್ಟಿ ಸಾಕ್ಷಿ.

ಆ ಸಂಗೀತ ಯಾಕೆ ಅಷ್ಟು ಮೃದುವಾಗಿ, ದೂರದಿಂದ ಬಂದ ಹಾಗೆ ಕೇಳುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಂದು ಪಾಲು ಆರ್ಕೆಸ್ಟ್ರಾ ಬರವಣಿಗೆಯದು. ಈ ಶೈಲಿಯ ಹಿರಿಯಣ್ಣ ಬ್ರಿಟನ್ನಿನ ಆರ್ಕೆಸ್ಟ್ರಾ ನಾಯಕ ಮ್ಯಾಂಟೊವಾನಿ. ಅವರಿಗಾಗಿ ವಾದ್ಯಗಳ ಸಾಲು ಬರೆಯುತ್ತಿದ್ದ ರೊನಾಲ್ಡ್ ಬಿಂಜ್ 1951ರ ಹೊತ್ತಿಗೆ ಒಂದು ಉಪಾಯ ಮಾಡಿದರು. ಪಿಟೀಲುಗಳನ್ನು ಗುಂಪು ಗುಂಪಾಗಿ ಒಡೆದರು. ರಾಗ ಸ ಗ ಪ ಮ ಅಂತ ಇದೆ ಅಂದುಕೊಳ್ಳಿ. ಮೊದಲ ಗುಂಪು ಸ ನುಡಿಸಿ ಬಿಡದೆ ಹಿಡಿದುಕೊಳ್ಳುತ್ತದೆ. ಅದು ಮುಗಿಯುವ ಮೊದಲೇ ಎರಡನೇ ಗುಂಪು ಗ ಹಿಡಿಯುತ್ತದೆ, ಮೂರನೆಯದು ಪ. ಒಂದು ಸ್ವರದ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ದೊಡ್ಡ ಚರ್ಚಿನೊಳಗೆ ನುಡಿಸಿದಾಗ ಬರುವ ಗುಂಗು, ಯಂತ್ರ ಇಲ್ಲದೆ ಬರೀ ಬರವಣಿಗೆಯಲ್ಲೇ ಬಂತು. ಮೊರಿಯಾ ಮುಂತಾದ ಫ್ರೆಂಚರು ಇದನ್ನು ಸರಳ ಮಾಡಿದರು. ಅಷ್ಟೂ ಪಿಟೀಲಿಗೆ ಒಂದೇ ಸಾಲು, ಎರಡು ಸ್ಥಾಯಿಯಲ್ಲಿ. ಕೆಳಗೆ ಬೇಸ್ ಗಿಟಾರು, ಡ್ರಮ್ಸು. ಇನ್ನೊಂದು ಪಾಲು ಸಿನಿಮಾ ಪ್ರಿಂಟಿನದು. ರೀಲಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗುವ ಧ್ವನಿಯಲ್ಲಿ ಸುಮಾರು 8,000 ಹರ್ಟ್ಜ್‌ಗಿಂತ ಮೇಲಿನದ್ದು ಹೆಚ್ಚುಕಡಿಮೆ ಉಳಿಯುತ್ತಿರಲಿಲ್ಲ. ಸ್ಟೀರಿಯೋ ಎಲ್‌ಪಿ ಮಾನೋ ಆಯಿತು, ಪಿಟೀಲಿನ ಮೇಲಿನ ಹೊಳಪು ಹೋಯಿತು, ನಡುಭಾಗ ಉಳಿಯಿತು. ಅಸಲಿ ಎಲ್‌ಪಿ ಸಿಕ್ಕಿ ಕೇಳಿದಾಗ "ಇದು ಅದಲ್ಲ, ತುಂಬಾ ಚುರುಕಾಗಿದೆ" ಅನ್ನಿಸಿ ನಿಮಗೆ ನಿರಾಸೆ ಆದರೆ ಆಶ್ಚರ್ಯಪಡಬೇಡಿ.

ಬಳಸಬಹುದಾ, ಬಾರದಾ?

ಸ್ಟುಡಿಯೋದವರು ಹೇಳಿದ ಎರಡೂ ಮಾತು ತಪ್ಪು. 30 ಸೆಕೆಂಡಿನ ನಿಯಮ ಅನ್ನುವುದು ಭಾರತದ ಕಾನೂನಿನಲ್ಲಿ ಎಲ್ಲೂ ಇಲ್ಲ. 8 ಸೆಕೆಂಡ್ ಹಾಕಿದರೂ ಪ್ರಶ್ನೆ ಬರಬಹುದು. "ಕೊನೆಯಲ್ಲಿ ಹೆಸರು ಹಾಕಿದರೆ ಆಯಿತು" ಅನ್ನುವುದೂ ಇದೇ ಜಾತಿಯ ಮಾತು. ಹೆಸರು ಹಾಕುವುದು ಮರ್ಯಾದೆ, ಅನುಮತಿ ಅಲ್ಲ. 50 ವರ್ಷದ ಮಾತು ಒಂದು ಕಾಲಕ್ಕೆ ನಿಜವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವ ಹೊತ್ತಿಗೆ ಸರ್ಕಾರ ಅವಧಿ ವಿಸ್ತರಿಸಿತು, 1992ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು. ಆಗಿನಿಂದ ನಮ್ಮಲ್ಲಿ ಲೆಕ್ಕ 60 ವರ್ಷ.

ಆದರೆ ಯಾವುದರ 60 ವರ್ಷ? ಎಲ್ಲರೂ ಎಡವುವುದು ಇಲ್ಲೇ. ನೀವು ಕೇಳಿದ ಆ ಒಂದು ನಿಮಿಷದಲ್ಲಿ ಮೂರು ಬೇರೆ ಬೇರೆ ಸೊತ್ತು ಇದೆ. ರಾಗ ಕಟ್ಟಿದವರದು, ಅದನ್ನು ನುಡಿಸಿ ಪ್ಲೇಟ್ ಮಾಡಿದ ಕಂಪನಿಯದು, ಸಿನಿಮಾದ ನಿರ್ಮಾಪಕರದು. ರೆಕಾರ್ಡಿಗೆ ಅದು ಹೊರಬಂದ ವರ್ಷದ ನಂತರ 60 ವರ್ಷ. ರಾಗಕ್ಕೆ ಅದನ್ನು ಕಟ್ಟಿದವರು ತೀರಿಕೊಂಡ ಮೇಲೆ 60 ವರ್ಷ. ನನ್ನ ಊಹೆಯ ಬಿಟ್ಟನ್ನೇ ತೆಗೆದುಕೊಳ್ಳಿ. ಆ ರೆಕಾರ್ಡಿನ ಹಕ್ಕು ಭಾರತದಲ್ಲಿ 2028ರ ಕೊನೆವರೆಗೆ ಇದೆ ಅಂತ ಇಟ್ಟುಕೊಂಡರೆ ಕ್ಷೇಮ. ಆದರೆ ಆಂದ್ರೆ ಪೋಪ್ ತೀರಿಕೊಂಡದ್ದು 2014ರಲ್ಲಿ. ರಾಗದ ಹಕ್ಕು 2074ರವರೆಗೆ. ಫ್ರಾನ್ಸಿನಲ್ಲಿ, ಟರ್ಕಿಯಲ್ಲಿ ಇದೇ ಲೆಕ್ಕ 70 ವರ್ಷದ್ದು. ಅಮೆರಿಕದಲ್ಲಂತೂ 1957ರಿಂದ 1972ರ ಫೆಬ್ರುವರಿ ಮಧ್ಯದವರೆಗಿನ ರೆಕಾರ್ಡುಗಳಿಗೆ 2067ರವರೆಗೆ ರಕ್ಷಣೆ ಇದೆ. ಯೂಟ್ಯೂಬಿಗೆ ಹಾಕಿದ ಕೂಡಲೇ ಕಿರುಚಿತ್ರ ಈ ಎಲ್ಲಾ ದೇಶದಲ್ಲೂ ಬಿಡುಗಡೆ ಆದ ಹಾಗೆ ಅನ್ನುವುದನ್ನು ಮರೆಯಬೇಡಿ.

ಹಾಗಾದರೆ ಹಳೇ ಶಾಸ್ತ್ರೀಯ ಸಂಗೀತ ಹಾಕಿದರೆ ಸುರಕ್ಷಿತವಾ? ಬಹುಪಾಲು ಹೌದು, ನೀವೇ ನುಡಿಸಿದರೆ. ಅಲ್ಲೂ ಗುಂಡಿಗಳಿವೆ. "ಆಲ್ಬಿನೋನಿಯ ಅಡಾಜಿಯೋ" ಅಂತ ಅಳಿಸುವ ಒಂದು ಪಿಟೀಲು ಕೃತಿ ಇದೆ. ಆಲ್ಬಿನೋನಿ 18ನೇ ಶತಮಾನದವರು, ಹಾಗಾಗಿ ಫ್ರೀ ಅಂತ ಎಲ್ಲರೂ ಹಾಕುತ್ತಾರೆ. ಅದನ್ನು ನಿಜವಾಗಿ ಬರೆದು 1958ರಲ್ಲಿ ಪ್ರಕಟಿಸಿದ್ದು ರೆಮೊ ಜಾಝೊಟ್ಟೊ, ಅವರು ತೀರಿಕೊಂಡದ್ದು 1998ರಲ್ಲಿ. ಲೆಕ್ಕ ನೀವೇ ಹಾಕಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಅನುಮತಿ ಕೇಳುವುದು. ಅಸಲಿ ರೆಕಾರ್ಡೇ ಬೇಕಾದರೆ ಎರಡು ಕಡೆ ಕೇಳಬೇಕು, ರಾಗದ ಪ್ರಕಾಶಕರನ್ನು ಮತ್ತು ರೆಕಾರ್ಡ್ ಕಂಪನಿಯನ್ನು. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಏನೂ ಆದ ಹಾಗಲ್ಲ. ಸಣ್ಣ ಕಿರುಚಿತ್ರದ ಇಮೇಲಿಗೆ ಉತ್ತರವೇ ಬರದೆ ತಿಂಗಳುಗಟ್ಟಲೆ ಕಾದವರನ್ನು ಬಹಳ ನೋಡಿದ್ದೇನೆ. ಉತ್ತರ ಬಂದರೆ ಬೆಲೆ ನಿಮ್ಮ ಸಿನಿಮಾದ ಬಜೆಟ್ಟನ್ನೇ ಮೀರಬಹುದು. ಚಿತ್ರೋತ್ಸವಕ್ಕೆ ಮಾತ್ರ ಅಂತ ಕೇಳಿದರೆ ಕಡಿಮೆಗೆ ಸಿಗುವುದುಂಟು. ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಐಪಿಆರ್‌ಎಸ್ (ಹಾಡು ಬರೆದವರ, ರಾಗ ಕಟ್ಟಿದವರ ಪರವಾಗಿ ದುಡ್ಡು ಸಂಗ್ರಹಿಸುವ ಸಂಘ) ಲೈಸೆನ್ಸ್ ಸಾಮಾನ್ಯವಾಗಿ ಸಭಾಂಗಣದಲ್ಲಿ, ಹೋಟೆಲಿನಲ್ಲಿ ಸಂಗೀತ ನುಡಿಸಲು. ನಿಮ್ಮ ಆರ್ಕೆಸ್ಟ್ರಾ ಕಾಲದ ಆಯೋಜಕರು ಅದನ್ನು ತೆಗೆದುಕೊಂಡಿರಬಹುದು. ಅದನ್ನು ತೋರಿಸಿ ಸಿನಿಮಾಕ್ಕೆ ಸಂಗೀತ ಅಂಟಿಸೋಕೆ ಬರಲ್ಲ.

ರಾಗ ಅದೇ ಇಟ್ಟುಕೊಂಡು ನೀವೇ ನುಡಿಸಿ ರೆಕಾರ್ಡ್ ಮಾಡಿದರೆ ರೆಕಾರ್ಡ್ ಕಂಪನಿಯ ತಲೆನೋವು ತಪ್ಪುತ್ತದೆ, ಪ್ರಕಾಶಕರದು ಉಳಿಯುತ್ತದೆ. ಅರ್ಧ ದಾರಿ.

ಏನಾದರಾಗಲಿ ಅಂತ ಹಾಕಿಬಿಡುವವರೂ ಇದ್ದಾರೆ. ಯೂಟ್ಯೂಬಿನಲ್ಲಿ ಸಂಗೀತವನ್ನು ತಾನಾಗಿ ಗುರುತಿಸುವ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯುತ್ತದೆ. ಹಕ್ಕುದಾರರು ಆಮೇಲೆ ಮೂರರಲ್ಲಿ ಒಂದು ಮಾಡುತ್ತಾರೆ: ಸುಮ್ನೆ ಗಮನಿಸುತ್ತಾರೆ, ಜಾಹೀರಾತಿನ ದುಡ್ಡು ತಾವು ತೆಗೆದುಕೊಳ್ಳುತ್ತಾರೆ, ಇಲ್ಲಾ ವಿಡಿಯೋ ಮುಚ್ಚುತ್ತಾರೆ. ಯಾವುದು ಅಂತ ನಿಮ್ಮ ಕೈಯಲ್ಲಿಲ್ಲ. ಮನೆಯವರಿಗೆ ತೋರಿಸುವ ವಿಡಿಯೋ ಆಗಿದ್ದರೆ ನಾನು ಇಷ್ಟೆಲ್ಲಾ ಹೇಳುತ್ತಿರಲಿಲ್ಲ. ಹುಡುಗನಿಗೆ ಚಿತ್ರೋತ್ಸವ, ಓಟಿಟಿ ಅಂತ ಆಸೆ ಇದ್ದರೆ ಅಲ್ಲಿ ಪ್ರತಿ ಬಿಟ್ಟಿನ ಹಕ್ಕುಪತ್ರ ಕೇಳುತ್ತಾರೆ. ಇಲ್ಲ ಅಂದರೆ ಸಿನಿಮಾ ಅಲ್ಲೇ ನಿಲ್ಲುತ್ತದೆ, ಸಂಗೀತ ಬದಲಿಸಿ ಮತ್ತೆ ಮಿಕ್ಸ್ ಮಾಡಿಸಬೇಕು. ಎಐ ಸಾಫ್ಟ್‌ವೇರಿನಲ್ಲಿ ಮಾತು ತೆಗೆದು ಸಂಗೀತ ಮಾತ್ರ ಉಳಿಸಿಕೊಳ್ಳುತ್ತೇವೆ ಅಂತ ಸ್ಟುಡಿಯೋದವರು ಹೇಳಬಹುದು. ತೆಗೆಯೋಕೆ ಬರುತ್ತದೆ, ಹಕ್ಕು ಮಾತ್ರ ಹಾಗೇ ಇರುತ್ತದೆ. ಹಳೇ ಮಾನೋ ಪ್ರಿಂಟಿನಲ್ಲಿ ಪಿಟೀಲು ನೀರಿನಲ್ಲಿ ಮುಳುಗಿದ ಹಾಗೆ ಬುಳುಬುಳು ಅನ್ನುವುದೂ ಉಂಟು.

ಅಷ್ಟಾಗಿ ಯಾರೂ ಹೇಳದ ಒಂದು ದಾರಿ ಲೈಬ್ರರಿ ಸಂಗೀತ. ಲಂಡನ್ನಿನ ಡಿ ವುಲ್ಫ್ 1909ರಿಂದ ಇರುವ ಕಂಪನಿ. ಕೆಪಿಎಂ ಇನ್ನೊಂದು. ಸಿನಿಮಾ, ಟಿವಿಗೆ ಬಾಡಿಗೆಗೆ ಕೊಡಲೆಂದೇ 60, 70ರ ದಶಕದಲ್ಲಿ ಇವರು ದೊಡ್ಡ ಪಿಟೀಲು ಬಳಗ ಕೂರಿಸಿ ರಾಶಿಗಟ್ಟಲೆ ರೆಕಾರ್ಡ್ ಮಾಡಿದರು. ಅದೇ ಕಾಲ, ಅದೇ ಶೈಲಿ, ಅದೇ ಥರದ ವಾದ್ಯ. ರಾಗ ಮತ್ತು ರೆಕಾರ್ಡ್ ಎರಡರ ಹಕ್ಕೂ ಒಂದೇ ಕಡೆ ಸಿಗುತ್ತದೆ. ನಿಮ್ಮ ಬಿಟ್ ಸಿಗಲ್ಲ, ಅದರ ಅಕ್ಕ ತಂಗಿಯರು ಸಿಗುತ್ತಾರೆ. ದರ ಎಲ್ಲಿ ತೋರಿಸುತ್ತೀರಿ, ಎಷ್ಟು ಕಾಲಕ್ಕೆ ಅನ್ನುವುದರ ಮೇಲೆ. ಕೊಳ್ಳುವ ಮೊದಲು ಅವಧಿ, ದೇಶ ಎರಡನ್ನೂ ಓದಿ ನೋಡಿ.

ಆದರೆ ನನ್ನನ್ನು ಕೇಳಿದರೆ ನಿಮ್ಮ ಕೈಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದೆ: ಹೊಸದಾಗಿ ನೀವೇ ಮಾಡಿ. ಶೈಲಿಗೆ ಯಾರ ಹಕ್ಕೂ ಇಲ್ಲ. ಹಾರ್ಪ್ಸಿಕಾರ್ಡ್ ಮೀಟಿ, ಓಬೋ ಊದಿ, ಪಿಟೀಲು ಸೇರಿಸಿದರೆ ಯಾರೂ ತಕರಾರು ಮಾಡೋಕೆ ಬರಲ್ಲ. ಅಪಾಯ ಒಂದೇ. ಮೂಲ ರಾಗ ತಲೆಯಲ್ಲಿ ಕೂತಿರುವುದರಿಂದ ಬೆರಳು ತಾನಾಗಿ ಅತ್ತ ಜಾರುತ್ತದೆ. ಬರೆದ ಮೇಲೆ ಆ ರಾಗ ಗೊತ್ತಿರುವ ಇನ್ನೊಬ್ಬರಿಗೆ ಏನೂ ಹೇಳದೆ ಕೇಳಿಸಿ. "ಇದು ಅದೇ ಅಲ್ವಾ?" ಅಂದರೆ ಬದಲಿಸಿ.

ಕೀಬೋರ್ಡಿನ ಸ್ಟ್ರಿಂಗ್ಸ್ ಮಾತ್ರ ಇಟ್ಟರೆ ಸಾಕಾಗಲ್ಲ, ಪ್ಲಾಸ್ಟಿಕ್ ಅನ್ನಿಸುತ್ತದೆ. ನಾಲ್ಕು ಜನ ಪಿಟೀಲಿನವರನ್ನು ಕರೆಸಿ. ಒಂದೇ ಸಾಲನ್ನು ಮೂರು ಸಲ ನುಡಿಸಿ, ಪ್ರತಿ ಸಲ ಕುರ್ಚಿ ಬದಲಿಸಿ, ಹನ್ನೆರಡು ಜನ ಕೂತ ಹಾಗಾಗುತ್ತದೆ. ಅದರ ಕೆಳಗೆ ಕೀಬೋರ್ಡ್ ಸ್ಟ್ರಿಂಗ್ಸ್ ತೆಳ್ಳಗೆ ಇರಲಿ. ನೊಟೇಶನ್ ಓದುವ ವೆಸ್ಟರ್ನ್ ಪಿಟೀಲಿನವರೇ ಆಗಬೇಕು. ಕರ್ನಾಟಕ ಸಂಗೀತದ ವಿದ್ವಾಂಸರು ನುಡಿಸಿದರೆ ಸ್ವರದಿಂದ ಸ್ವರಕ್ಕೆ ಜಾರುವ ಅಭ್ಯಾಸ ಬಂದುಬಿಡುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ಬಾಸ್ಫರಸ್ ಹೋಗಿ ಕಾವೇರಿ ಬರುತ್ತದೆ. ಮಿಕ್ಸಿನಲ್ಲಿ ಮಾನೋ ಮಾಡಿ, 8,000 ಹರ್ಟ್ಜ್ ಮೇಲಿನದ್ದನ್ನು ಇಳಿಸಿ, ಪ್ಲೇಟ್ ರಿವರ್ಬ್ ಅನ್ನುವ ಗುಂಗಿನ ಎಫೆಕ್ಟ್ ಉದಾರವಾಗಿ ಹಾಕಿ. ಕರಕರ ಸದ್ದು ಹಾಕುವ ಪ್ಲಗಿನ್ ಮಾತ್ರ ದಯವಿಟ್ಟು ಬೇಡ. ನುಡಿಸಿದ ಎಲ್ಲರ ಹತ್ತಿರ ಅವತ್ತೇ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ. ಸ್ನೇಹದಲ್ಲಿ ನುಡಿಸಿದವರ ಹತ್ತಿರವೂ.

ಇನ್ನು ಆ ಎಲ್‌ಪಿ. ಸದ್ಯಕ್ಕೆ ಕೊಳ್ಳಬೇಡಿ. ಮೂರು ಸಿನಿಮಾಕ್ಕೆ ಹಂಚಿಹೋದ ಬಿಟ್ಟಿಗೆ ಒಂದು ಸಿನಿಮಾದ ಒರಿಜಿನಲ್ ಸೌಂಡ್‌ಟ್ರ್ಯಾಕ್ ಎಲ್ಲಿಂದ ಬಂತು? ಆ ಕಾಲದ ಬಹುಪಾಲು ಯೆಶಿಲ್‌ಚಾಮ್ ಸಿನಿಮಾಗಳಿಗೆ ಹಿನ್ನೆಲೆ ಸಂಗೀತದ ಎಲ್‌ಪಿ ಬಂದೇ ಇಲ್ಲ. ಬಂದದ್ದು ನಾಯಕ ನಾಯಕಿ ಹಾಡಿದ ಹಾಡುಗಳ 45 ಆರ್‌ಪಿಎಂ ಸಿಂಗಲ್‌ಗಳು. ಮಾರುವವರಿಂದ ಲೇಬಲ್ಲಿನ ಎರಡೂ ಬದಿಯ ಫೋಟೋ, ಒಳಅಂಚಿನಲ್ಲಿ ಕೊರೆದಿರುವ ಸಂಖ್ಯೆಯ ಫೋಟೋ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಬಿಟ್ಟುಬಿಡಿ. ಲೇಬಲ್ಲಿನಲ್ಲಿ ಮೊರಿಯಾ, ಪೂರ್ಸೆಲ್ ಅಂಥ ಹೆಸರಿದ್ದರೆ ಅದು ಮಾಮೂಲಿ ಆರ್ಕೆಸ್ಟ್ರಾ ರೆಕಾರ್ಡ್. ಬೆಂಗಳೂರಿನ ಅವೆನ್ಯೂ ರಸ್ತೆ ಕಡೆಯ ಹಳೇ ರೆಕಾರ್ಡಿನವರ ಹತ್ತಿರವೂ ಅಂಥವು ಸಿಗುತ್ತವೆ, ಆ ಆನ್‌ಲೈನಿನವರು ಹೇಳುವ ಬೆಲೆಯ ಒಂದು ಸಣ್ಣ ಪಾಲಿಗೆ.